ಹೆಬ್ಬಾಳದ ಕಿತ್ತಯ್ಯನಿಗೆ ಒಂದು ಕಲ್ಲು

ಬೆಂಗಳೂರಿನಲ್ಲಿ ಕಣ್ಮುಚ್ಚಿದ ಹೆಸರಾಂತರು ಎಲ್ಲಿ ಮಲಗಿದ್ದಾರೆ ಎಂದು ಕೇಳಿದರೆ ಬಹುಮಂದಿ ಹೊಸೂರು ರಸ್ತೆಯ ಕಡೆಗೆ ಕೈ ತೋರುತ್ತಾರೆ. ಅಲ್ಲಿಯ ಕ್ರೈಸ್ತ ಸ್ಮಶಾನದಲ್ಲಿ ಲಾಲ್‌ಬಾಗನ್ನು ಬೆಳೆಸಿದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರ ಗೋರಿ ಇದೆ. ಅವರು ತೀರಿಕೊಂಡದ್ದು 1956ರಲ್ಲಿ. ಹುಟ್ಟಿದ ದಿನ, ಸತ್ತ ದಿನ ಕೆತ್ತಿದ ಗೋರಿಗಲ್ಲುಗಳು ದಂಡು ಪ್ರದೇಶದವರ ಪದ್ಧತಿ. ಹೆಬ್ಬಾಳ, ಯಲಹಂಕ, ಯಶವಂತಪುರದ ಕಡೆ ಹೊರಟವರು ಸ್ಮಶಾನದ ಗೇಟು ಹುಡುಕಿ ಪ್ರಯೋಜನವಿಲ್ಲ. ಈ ಭಾಗದ ಹಳಬರು ಸತ್ತವರನ್ನು ನೆನೆದ ಬಗೆಯೇ ಬೇರೆ.

ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷ ಆಳುತ್ತಿದ್ದ ಕಾಲದ್ದು. ವಿದ್ವಾಂಸರು ಅದನ್ನು ಸುಮಾರು ಕ್ರಿ.ಶ. 750ಕ್ಕೆ ಸೇರಿಸುತ್ತಾರೆ. ಬೆಂಗಳೂರು ಪ್ರದೇಶದಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಅದೇ ಅತ್ಯಂತ ಹಳೆಯದು. ಪೆರ್ಬೊಳಲು ನಾಡಿನ ಮೇಲೆ ರಟ್ಟವಾಡಿಯ ಪಡೆ ಎರಗಿದಾಗ ಕಿತ್ತಯ್ಯನೆಂಬ ಒಬ್ಬಾತ ಊರಿಗಾಗಿ ಹೋರಾಡಿ ಮಡಿದ ಎಂಬುದು ಅದರ ಸಾರಾಂಶ. ರಟ್ಟವಾಡಿ ಎಂದರೆ ರಾಷ್ಟ್ರಕೂಟರ ನಾಡು. ಪೆರ್ಬೊಳಲು ಎಂದರೆ ದೊಡ್ಡ ಪಟ್ಟಣ. ಹಳಗನ್ನಡದ ಪಕಾರ ಹಕಾರವಾಗುತ್ತ ಬಂದು ಅದೇ ಇಂದಿನ ಹೆಬ್ಬಾಳವಾಗಿದೆ. ಮೇಲ್ಸೇತುವೆಯ ಮೇಲೆ ಅರ್ಧ ಗಂಟೆ ಸಿಕ್ಕಿಹಾಕಿಕೊಂಡವರಿಗೆ ಈ ಹೆಸರು ಬಹಳ ಮುಂಚೆಯೇ ಇಟ್ಟಂತಿದೆ ಅನ್ನಿಸಿದರೆ ಆಶ್ಚರ್ಯವಿಲ್ಲ!

ವೀರಗಲ್ಲನ್ನು ಗೋರಿಯೆಂದು ತಿಳಿಯಬಾರದು. ಅದರಡಿ ದೇಹ ಇರಲೇಬೇಕೆಂದಿಲ್ಲ. ಅದು ಸತ್ತವನ ಪರವಾಗಿ ಊರು ನಿಲ್ಲಿಸಿದ ಸಾಕ್ಷಿ. ದನಗಳನ್ನು ಹಿಡಿದೊಯ್ದವರನ್ನು ಬೆನ್ನಟ್ಟಿ ಸತ್ತರೆ ತುರುಗೊಳ್, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತರೆ ಪೆಣ್ಬುಯ್ಯಲ್, ಊರನ್ನು ಉಳಿಸಲು ಹೋರಾಡಿ ಸತ್ತರೆ ಊರಳಿವು. ಕಿತ್ತಯ್ಯನದು ಈ ಕೊನೆಯ ಬಗೆ. ರಾಜನ ಹೆಸರು ಕಲ್ಲಿನಲ್ಲಿ ಕಾಲ ತಿಳಿಸಲು ಮಾತ್ರ ಬರುತ್ತದೆ. ಕಲ್ಲು ನಿಂತದ್ದು ರಾಜನಲ್ಲದ ಒಬ್ಬ ಮನುಷ್ಯನಿಗಾಗಿ. ಶ್ರೀಪುರುಷನನ್ನು ಇತಿಹಾಸದ ಪುಸ್ತಕಗಳು ಹೇಗೂ ನೆನೆಯುತ್ತವೆ. ಕಿತ್ತಯ್ಯನಿಗೆ ಇದ್ದುದು ಈ ಕಲ್ಲೊಂದೇ. ಅದು ಒಡೆದಿದ್ದರೆ ಅವನಿದ್ದನೆಂಬುದೂ ಯಾರಿಗೂ ತಿಳಿಯುತ್ತಿರಲಿಲ್ಲ.

ಒಡೆದುಹೋದವು ಕಡಿಮೆಯೇನಲ್ಲ. ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಪ್ರಕಟಿಸಿದರು. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇಂದು ಇದ್ದ ಜಾಗದಲ್ಲಿಲ್ಲ. ಊರು ಬಡಾವಣೆಯಾದಂತೆ ಕೆಲವು ಚಪ್ಪಡಿಯಾದವು, ಕೆಲವು ಮಣ್ಣುಪಾಲಾದವು. ಉಳಿದವನ್ನು ಹುಡುಕಲು ಪಿ.ಎಲ್. ಉದಯಕುಮಾರ್ ಮತ್ತು ಸಂಗಡಿಗರು ಬೀದಿಬೀದಿ ಅಲೆದರು. ಮಿಥಿಕ್ ಸೊಸೈಟಿ ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದೆ. ಹೆಬ್ಬಾಳದ ಕಲ್ಲಿಗೆ ಸಾರ್ವಜನಿಕರೇ ಹಣ ಕೂಡಿಸಿ ಮಂಟಪ ಕಟ್ಟಿಸಿದ್ದಾರೆ.

ಹೆಸರು ದೊಡ್ಡದಾದ ಮಾತ್ರಕ್ಕೆ ಸಮಾಧಿ ಉಳಿಯುತ್ತದೆ ಎನ್ನುವಂತೆಯೂ ಇಲ್ಲ. ಯಲಹಂಕ ನಾಡಪ್ರಭು ಕೆಂಪೇಗೌಡರ ಹೆಸರು ಬಸ್ ನಿಲ್ದಾಣಕ್ಕಿದೆ, 2013ರಿಂದ ವಿಮಾನ ನಿಲ್ದಾಣಕ್ಕೂ ಇದೆ. ಅವರ ಸಮಾಧಿ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿದೆ ಎಂಬುದು ಸುದ್ದಿಯಾದದ್ದು 2015ರಲ್ಲಿ. ಹಿರಿಯ ಕೆಂಪೇಗೌಡರು ಐಕ್ಯರಾದ ಸ್ಥಳ ಇದೇ ಎಂದು ಅಲ್ಲಿಯ ಗೋಪುರದ ಬರಹ ಸಾರುತ್ತದೆ. ಅಲ್ಲಿಯತನಕ ಅದು ಆ ಹಳ್ಳಿಯವರ ಪಾಲಿನ ಹಳೆಯ ಗೋಪುರವಷ್ಟೆ.

ನಮ್ಮ ಕಾಲದಲ್ಲಿ ನಗರದ ಉತ್ತರ ಭಾಗಕ್ಕೆ ಜನ ಗುಂಪುಗುಂಪಾಗಿ ಹೋಗುವ ಸಮಾಧಿ ಯಾವುದು? ಅದೂ ಸ್ಮಶಾನದಲ್ಲಿಲ್ಲ. ಯಶವಂತಪುರದಾಚೆ ಕಂಠೀರವ ಸ್ಟುಡಿಯೋದಲ್ಲಿದೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ನಿಧನರಾದಾಗ ಊರಿಗೆ ಊರೇ ಬೀದಿಗಿಳಿಯಿತು; ಗಲಭೆಯೂ ಆಯಿತು, ಪ್ರಾಣಗಳೂ ಹೋದವು. ಅವರನ್ನು ಮಣ್ಣು ಮಾಡಿದ್ದು ಈ ಸ್ಟುಡಿಯೋದ ಅಂಗಳದಲ್ಲಿ. ಮೈಸೂರಿನ ಅರಸ ರಣಧೀರ ಕಂಠೀರವನ ಪಾತ್ರವನ್ನು 1960ರಲ್ಲಿ ತೆರೆಯ ಮೇಲೆ ತಂದವರಿಗೆ ಕಂಠೀರವನ ಹೆಸರಿನ ಜಾಗವೇ ಕೊನೆಗೆ ಸಿಕ್ಕಿತು. 2017ರಲ್ಲಿ ಪಾರ್ವತಮ್ಮನವರು, 2021ರ ಅಕ್ಟೋಬರ್‌ನಲ್ಲಿ ಮಗ ಪುನೀತ್ ಅಲ್ಲಿಗೇ ಬಂದರು. ತಂದೆ, ಮಗ ಇಬ್ಬರ ಕಣ್ಣುಗಳೂ ದಾನವಾದವು.

ಅಲ್ಲಿಗೆ ಹೂವಿನ ಹಾರ ಹಿಡಿದು ಬರುವವರು ನಿತ್ಯ ಇದ್ದಾರೆ. ಕಿತ್ತಯ್ಯನ ಮಂಟಪಕ್ಕೆ ಹೋಗುವವರು ಹೆಬ್ಬಾಳದ ಹಳೆಯ ಊರಿನ ದಾರಿ ಕೇಳಿಕೊಂಡು ಹೋಗಬೇಕು.