ಭೂತಗಳು ಆಡುವ ತೋಟ



ಅಕ್ಟೋಬರ್ 31ರ ಭೂತವೇಷದ ಹಬ್ಬ ಹ್ಯಾಲೋವೀನ್ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬಂದಿದೆ, ಹೆಚ್ಚಾಗಿ ಪ್ಲಾಸ್ಟಿಕ್ಕಿನ ರೂಪದಲ್ಲಿ. ನ್ಯೂಯಾರ್ಕಿನಲ್ಲಿ ಅದೇ ಹಬ್ಬ ಮಣ್ಣಿನ ಮೇಲೂ ನಡೆಯುತ್ತದೆ. ಎರಡು ಕಟ್ಟಡಗಳ ನಡುವಿನ ತುಂಡು ಜಾಗದಲ್ಲಿ ಬೀದಿಯವರೇ ಸೇರಿ ಬೆಳೆಸಿದ ತೋಟ. ಅಲ್ಲಿ ಅಸ್ಥಿಪಂಜರದ ಅಂಗಿ ತೊಟ್ಟ ಮಕ್ಕಳು ಮಿಠಾಯಿ ಹುಡುಕುತ್ತಾ ಟೊಮೇಟೊ ಪಾತಿಗಳ ನಡುವೆ ಓಡಾಡುತ್ತಾರೆ.

ಐವತ್ತು ವರ್ಷಗಳ ಹಿಂದೆ ಇಂಥ ಜಾಗಗಳತ್ತ ಹಗಲಲ್ಲೂ ಮಕ್ಕಳನ್ನು ಬಿಡಲು ಹೆದರಿಕೆಯಿತ್ತು. 1970ರ ದಶಕದಲ್ಲಿ ನಗರದ ಬೊಕ್ಕಸ ಬರಿದಾಗಿತ್ತು. ಬಾಡಿಗೆ ಹುಟ್ಟದ ಕಟ್ಟಡಗಳನ್ನು ಮಾಲೀಕರು ಬಿಟ್ಟುಹೋದರು. ಎಷ್ಟೋ ಕಟ್ಟಡಗಳು ಸುಟ್ಟುಹೋದವು. ಉಳಿದದ್ದು ಇಟ್ಟಿಗೆಯ ರಾಶಿ, ಕಸ, ಮುರಿದ ಬೇಲಿ. 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಮತ್ತು ಅವರ ಗೆಳೆಯರು ‘ಗ್ರೀನ್ ಗೆರಿಲ್ಲಾಸ್’ ಎಂದು ಹೆಸರಿಟ್ಟುಕೊಂಡು, ಬೀಜದ ಪೊಟ್ಟಣಗಳನ್ನು ಬೇಲಿಯಾಚೆ ಎಸೆಯತೊಡಗಿದರು. ಬೋವರಿ ಮತ್ತು ಹ್ಯೂಸ್ಟನ್ ರಸ್ತೆಗಳು ಕೂಡುವಲ್ಲಿ ಕಸವನ್ನೆಲ್ಲ ಹೊತ್ತು ಹೊರಹಾಕಿ ತೋಟ ಮಾಡಿದರು. ಮರುವರ್ಷ ನಗರಾಡಳಿತ ಆ ಜಾಗವನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. ಇಂದು ನಗರದಲ್ಲಿ ಇಂಥ ತೋಟಗಳು 500ಕ್ಕೂ ಹೆಚ್ಚು. ನೆಲಕ್ಕೆ ಬೆಲೆ ಬಂದ ಮೇಲೆ, 1999ರಲ್ಲಿ, ಅದೇ ಆಡಳಿತ 100ಕ್ಕೂ ಹೆಚ್ಚು ತೋಟಗಳನ್ನು ಹರಾಜಿಗಿಡಲು ಹೊರಟಿತ್ತು. ಜನ ಬೀದಿಗಿಳಿದರು, ನಟಿ ಬೆಟ್ ಮಿಡ್ಲರ್ ಕಟ್ಟಿದ ಸಂಸ್ಥೆ ಮತ್ತು ಇನ್ನೊಂದು ಟ್ರಸ್ಟ್ ಹಣ ಕೊಟ್ಟು ಅವನ್ನು ಉಳಿಸಿಕೊಂಡವು. ಹರಾಜಿನ ನೋಟಿಸು ಕಂಡವರಿಗೆ ಪಿಶಾಚಿಯ ಮುಖವಾಡ ಏನು ಮಹಾ!

ನನಗೆ ಹಬ್ಬಕ್ಕಿಂತ ಅದರ ಮರುವಾರವೇ ಹೆಚ್ಚು ಇಷ್ಟ. ಈ ಹಬ್ಬಕ್ಕೆ ಹಿಂದೆ ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪವಿಡುತ್ತಿದ್ದರು. ಅಮೆರಿಕಕ್ಕೆ ವಲಸೆ ಬಂದವರಿಗೆ ದೊಡ್ಡ ಸಿಹಿಗುಂಬಳ ಸಿಕ್ಕಿತು. ಆದರೆ ಕೊರೆದ ಕುಂಬಳ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಕಸದ ಗುಡ್ಡಕ್ಕೆ ಹೋದರೆ ಗಾಳಿಯಾಡದೆ ಮೀಥೇನ್ ಅನಿಲವಾಗುತ್ತದೆ. ಅದಕ್ಕೇ ಎಷ್ಟೋ ತೋಟಗಳವರು ‘ನಿಮ್ಮ ಕುಂಬಳ ಇಲ್ಲಿಗೆ ತನ್ನಿ’ ಎನ್ನುತ್ತಾರೆ. ಮೇಣದಬತ್ತಿ, ಅಲಂಕಾರ ತೆಗೆದಿರಬೇಕು, ಬಣ್ಣ ಬಳಿದಿರಬಾರದು, ಅಷ್ಟೇ. ಆಮೇಲೆ ಮಕ್ಕಳು ಅದನ್ನು ಎತ್ತಿ ಹಾಕಿ, ಒದ್ದು, ತುಳಿದು ಚೂರು ಮಾಡುತ್ತಾರೆ. ದೊಡ್ಡವರು ಬೈಯದ ಪುಂಡಾಟ! ಚೂರು ಸಣ್ಣದಾದಷ್ಟೂ ಗೊಬ್ಬರ ಬೇಗ. ಕುಂಬಳದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಅದನ್ನೇ ರಾಶಿ ಹಾಕಿದರೆ ನಾರುತ್ತದೆ, ಒಣಗಿದ್ದು ಬೆರೆಸಲೇಬೇಕು. ಸರಿಯಾಗಿ ಅದೇ ಹೊತ್ತಿಗೆ ಶರತ್ಕಾಲದ ಮೇಪಲ್, ಓಕ್ ಮರಗಳು ಎಲೆಯುದುರಿಸಿರುತ್ತವೆ. ಹಸಿಯ ಸಾರಜನಕಕ್ಕೆ ಒಣ ಎಲೆಯ ಇಂಗಾಲ ಜೊತೆಯಾಗಿ, ಚಳಿಯಲ್ಲೂ ಗುಡ್ಡೆಯ ಒಡಲು ಬಿಸಿಯೇರುತ್ತದೆ.

ನಮ್ಮಲ್ಲೂ ಅದಕ್ಕೆ ಕೆಲವು ವಾರ ಮೊದಲು ಕುಂಬಳ ಒಡೆಯುತ್ತೇವೆ. ಆಯುಧಪೂಜೆಯ ಸಂಜೆ ಕುಂಕುಮ ಮೆತ್ತಿದ ಬೂದುಗುಂಬಳದ ಹೋಳುಗಳು ನಡುರಸ್ತೆಯಲ್ಲಿರುತ್ತವೆ. ದೃಷ್ಟಿ ತೆಗೆದಾದ ಮೇಲೆ ಅವನ್ನು ಪಕ್ಕದ ಪಾರ್ಕಿನ ತರಗೆಲೆ ಗುಂಡಿಗೆ ಹಾಕಿದರೆ ಶಾಸ್ತ್ರವೇನೂ ಕೆಡದು. ಹಿಂದೆ ಬರುವ ಸ್ಕೂಟರಿನವರು ಜಾರಿ ಬೀಳುವುದಂತೂ ತಪ್ಪುತ್ತದೆ.