ಮನೆಗೆ ಬಂದ ಶುಶ್ರೂಷಕಿ ಉಳಿಯಬೇಕಾದರೆ

ನಮ್ಮ ತಾಯಿಯವರಿಗೆ ಲಕ್ವ ಹೊಡೆದು ದೇಹದ ಬಲಭಾಗ ಸ್ವಾಧೀನ ತಪ್ಪಿದ ಮೇಲೆ, ಹತ್ತು ತಿಂಗಳಲ್ಲಿ ನಮ್ಮ ಮನೆಗೆ ಐದು ಮಂದಿ ಶುಶ್ರೂಷಕಿಯರು ಬಂದರು, ನಾಲ್ವರು ಹೋದರು. ಎಲ್ಲರನ್ನೂ ಕಳಿಸಿದ್ದು ಊರಿನ ಒಂದೇ ಏಜೆನ್ಸಿ. ಇವರಲ್ಲಿ ಎರಡನೆಯವರು ಹುಣಸೂರಿನ ಕಡೆಯ ಹೆಣ್ಣುಮಗಳು. ಅನ್ನವನ್ನು ಎಷ್ಟು ಮೆತ್ತಗೆ ಕಲಸಬೇಕು, ತುತ್ತನ್ನು ಎಡಗೆನ್ನೆಯ ಕಡೆಗೇ ಏಕೆ ಇಡಬೇಕು, ತೊದಲುವ ನಾಲಗೆಯ ಯಾವ ಸದ್ದಿಗೆ ನೀರೆಂದು ಅರ್ಥ, ಯಾವುದಕ್ಕೆ ಬೇಸರವೆಂದು ಅರ್ಥ, ಇವೆಲ್ಲ ಆಕೆಗೆ ಮೂರು ವಾರಗಳಲ್ಲಿ ತಿಳಿದುಹೋಗಿದ್ದುವು. ಹೊಟ್ಟೆಯ ಮಗನಾದ ನನಗೆ ತಿಳಿದಿರಲಿಲ್ಲ.

ನಾಲ್ಕನೆಯ ತಿಂಗಳಲ್ಲಿ ಆಕೆ ಎರಡು ದಿನದ ರಜೆ ಕೇಳಿದರು. ಊರಿನಲ್ಲಿದ್ದ ಮಗುವಿಗೆ ಜ್ವರ. ಬದಲಿಗೆ ಕಳಿಸಲು ಜನವಿಲ್ಲ ಎಂದಿತು ಏಜೆನ್ಸಿ. "ಈಗ ಹೋದರೆ ಹೇಗಮ್ಮ?" ಎಂದೆ ನಾನು. ಆಕೆಗೆ ಮಗುವೊಂದಿದೆ ಎಂಬುದೇ ಆ ದಿನದವರೆಗೆ ನನಗೆ ಗೊತ್ತಿರಲಿಲ್ಲವೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಆಕೆ ಹೋದರು, ಮರಳಿ ಬರಲಿಲ್ಲ. ತಿಂಗಳ ಮೇಲೆ ವಿಚಾರಿಸಿದಾಗ ಸಿದ್ಧ ಉಡುಪಿನ ಕಾರ್ಖಾನೆಯೊಂದಕ್ಕೆ ಸೇರಿದ್ದರು. "ಸಂಬಳ ಅಲ್ಲೇನೂ ಹೆಚ್ಚಿಲ್ಲ ಸಾರ್. ಆದರೆ ಭಾನುವಾರ ನನ್ನದು" ಎಂದರು.

ಆಮೇಲೆ ಬಂದವರೂ ಕೆಟ್ಟವರಲ್ಲ. ಆದರೆ ಎಡಗೆನ್ನೆಯ ಗುಟ್ಟು ಅವರಿಗೆ ತಿಳಿಯುವ ಹೊತ್ತಿಗೆ ತಾಯಿ ಎರಡು ಸಲ ತುತ್ತು ನೆತ್ತಿಗೇರಿ ಉಸಿರಿಗೆ ಒದ್ದಾಡಿದ್ದರು. ತಿಂಗಳು ತುಂಬುವುದರೊಳಗೆ ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಕಾಣಿಸಿತು. ಏಜೆನ್ಸಿಯ ಲೆಕ್ಕದಲ್ಲಿ ಒಬ್ಬರು ಹೋಗಿ ಒಬ್ಬರು ಬಂದಿದ್ದರು, ಲೆಕ್ಕ ಸರಿಯಾಗಿತ್ತು. ಹಾಸಿಗೆಯಲ್ಲಿ ಮಲಗಿದ್ದವರಿಗೆ ಮಾತ್ರ ಅದು ಸರಿಯಾಗಿರಲಿಲ್ಲ.

ಇದು ನಮ್ಮೊಂದು ಮನೆಯ ಮಾತಲ್ಲ. 2011ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ ಅರುವತ್ತು ದಾಟಿದವರು 10 ಕೋಟಿಗೂ ಹೆಚ್ಚಿದ್ದರು. ಮಕ್ಕಳು ದೂರದ ಊರುಗಳಲ್ಲಿ. ಹಿರಿಯರು ಹಳೆಯ ಮನೆಗಳಲ್ಲಿ. ಹಿಂದೆ ಕೂಡುಕುಟುಂಬದಲ್ಲಿ ಈ ಸೇವೆ ಸೊಸೆಯ ಪಾಲಿಗೋ ವಿಧವೆಯಾದ ಸೋದರತ್ತೆಯ ಪಾಲಿಗೋ ಬರುತ್ತಿತ್ತು. ಸಂಬಳವಿರಲಿಲ್ಲವಾದ್ದರಿಂದ ಅದನ್ನು ಯಾರೂ ಕೆಲಸವೆಂದು ಎಣಿಸಲಿಲ್ಲ. ಸಂಬಳ ಕೊಡುವ ಕಾಲ ಬಂದರೂ ಆ ಹಳೆಯ ಎಣಿಕೆ ನಮ್ಮ ಮನಸ್ಸಿನಿಂದ ಹೋಗಿಲ್ಲ.

ಏಜೆನ್ಸಿ ನಡೆಸುವವರನ್ನು ಕೇಳಿದರೆ "ಒಳ್ಳೆಯ ಜನ ನಿಲ್ಲುವುದಿಲ್ಲ" ಎನ್ನುತ್ತಾರೆ. ಏಕೆ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಅವರು ತಮಗೆ ತಾವೇ ಹಾಕಿಕೊಂಡಂತೆ ಕಾಣುವುದಿಲ್ಲ. ನಾವು ತೆತ್ತ ಹಣದಲ್ಲಿ ಎಷ್ಟು ಪಾಲು ಆಕೆಯ ಕೈ ಸೇರುತ್ತದೆಂಬುದು ಆಕೆಗೂ ನಮಗೂ ಒಟ್ಟಿಗೇ ತಿಳಿಯಬೇಕು. ಮೊದಲ ವಾರ ಅನುಭವಸ್ಥರೊಬ್ಬರು ಜೊತೆಗಿದ್ದು ಮನೆಯನ್ನೂ ರೋಗಿಯನ್ನೂ ಪರಿಚಯ ಮಾಡಿಕೊಡಬೇಕು; ಬಿಟ್ಟುಹೋಗುವವರಲ್ಲಿ ಅನೇಕರು ಹೊಸತರಲ್ಲೇ ಹೋಗುವುದು ಈ ಒಂಟಿತನದ ಭಯದಿಂದ. ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವವರಿಗೆ ರಾತ್ರಿಯ ನಿದ್ದೆ ಎಲ್ಲಿಂದ ಬರಬೇಕು? ಹಗಲಿಗೊಬ್ಬರು ಇರುಳಿಗೊಬ್ಬರು ಬೇಕು. ವಾರದ ಬಿಡುವಿಗೆ ಬದಲಿ ಜನ ಸಿದ್ಧವಿರಬೇಕು. ಒಂದು ಮನೆಗೆ ಹೊಂದಿಕೊಂಡವರನ್ನು ಅವಸರಕ್ಕೆಂದು ಇನ್ನೊಂದು ಮನೆಗೆ ಎತ್ತಿ ಕಳಿಸಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಕಷ್ಟ ಹೇಳಿಕೊಂಡರೆ ಕಿವಿಗೊಡುವ ಮೇಲ್ವಿಚಾರಕರೊಬ್ಬರು ಇರಬೇಕು.

ಕಾನೂನು ಇಲ್ಲವೆನ್ನುವಂತಿಲ್ಲ. 10 ಮಂದಿ ನೌಕರರಿರುವ ಸಂಸ್ಥೆಗೆ ನೌಕರರ ರಾಜ್ಯ ವಿಮೆ ಅನ್ವಯಿಸುತ್ತದೆ. ಹೆಣ್ಣುಮಕ್ಕಳಿಗೆ ಕೆಲಸದ ಸ್ಥಳದಲ್ಲಿ ಕಿರುಕುಳವಾಗದಂತೆ ಮಾಡಿದ 2013ರ ಕಾಯಿದೆ ವಾಸದ ಮನೆಯನ್ನೂ ಕೆಲಸದ ಸ್ಥಳವೆಂದು ಹೇಳಿದೆ. ಆದರೆ ಎಷ್ಟೋ ಏಜೆನ್ಸಿಗಳು ತಾವು ಕೆಲಸ ಕೊಡುವವರಲ್ಲ, ಕೆಲಸ ತೋರಿಸುವ ಮಧ್ಯವರ್ತಿಗಳು ಎನ್ನುತ್ತವೆ. ಮನೆಯವರು ತಾವು ಏಜೆನ್ಸಿಗೆ ಹಣ ಕಟ್ಟಿದ್ದೇವೆ ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಶುಶ್ರೂಷಕಿ ಯಾರ ನೌಕರಳೂ ಅಲ್ಲದೆ ಉಳಿಯುತ್ತಾಳೆ. ಯಾರ ಪುಸ್ತಕದಲ್ಲೂ ಹೆಸರಿಲ್ಲದವಳು ಯಾವ ಋಣಕ್ಕೆ ಕಟ್ಟುಬಿದ್ದು ನಿಲ್ಲಬೇಕು?

ಬೇರೆ ದಾರಿಗಳು ಇಲ್ಲದಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ 1985ರಲ್ಲಿ ಆರಂಭವಾದ ಮನೆ ಆರೈಕೆಯ ಸಹಕಾರ ಸಂಸ್ಥೆಯೊಂದಕ್ಕೆ ಅಲ್ಲಿ ದುಡಿಯುವ ಹೆಂಗಸರೇ ಒಡೆಯರು. ನೆದರ್ಲೆಂಡ್ಸಿನಲ್ಲಿ 2006ರಲ್ಲಿ ಯೋಸ್ ದ ಬ್ಲಾಕ್ ಎಂಬ ದಾದಿ ಕಟ್ಟಿದ 'ಬ್ಯೂರ್ಟ್‌ಜೋರ್ಖ್' ಸಂಸ್ಥೆಯಲ್ಲಿ ಹೆಚ್ಚೆಂದರೆ ಹನ್ನೆರಡು ಮಂದಿಯ ತಂಡಗಳು. ಯಾರು ಯಾವ ಮನೆಗೆ, ಯಾವ ಹೊತ್ತಿಗೆ ಎಂಬುದನ್ನು ಆ ತಂಡವೇ ಕೂಡಿ ನಿರ್ಧರಿಸುತ್ತದೆ. ಆ ಸಂಪನ್ನ ದೇಶದ ಹಣಕಾಸಿನ ಏರ್ಪಾಟು ನಮ್ಮದಲ್ಲ, ನಿಜ. ಆದರೆ ಕೆಲಸ ಮಾಡುವವರ ಮಾತಿಗೆ ಬೆಲೆ ಕೊಡುವುದಕ್ಕೆ ಸಂಪತ್ತಿಗಿಂತ ಮನಸ್ಸು ಹೆಚ್ಚು ಬೇಕು.

ಏಜೆನ್ಸಿಯೊಂದನ್ನೇ ದೂರಿ ನಾವು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. ರೋಗಿಯ ಸೇವೆಗೆಂದು ಬಂದವರಿಗೆ ಇಡೀ ಮನೆಯ ಪಾತ್ರೆ, ಬಟ್ಟೆಗಳನ್ನು ಒಪ್ಪಿಸುವವರು ನಾವು. ಬೇರೆ ತಟ್ಟೆ, ಬೇರೆ ಲೋಟ ತೆಗೆದಿಡುವವರು ನಾವು. ಏನಾದರೂ ಕಾಣದೆ ಹೋದರೆ ಮೊದಲು ಆಕೆಯ ಚೀಲದತ್ತ ನೋಡುವವರು ನಾವು. ಸಂಬಳ ಎಷ್ಟೇ ಇರಲಿ, ಇಂಥ ಮನೆಯಲ್ಲಿ ಮಾನವುಳ್ಳವರು ಹೆಚ್ಚು ದಿನ ನಿಲ್ಲಲಾರರು.

ಐದನೆಯವರು ಬಂದಾಗ ನಾವು ಮೊದಲು ಕೇಳಿದ್ದು ಅವರ ಮನೆಯ ಸಮಾಚಾರ. ಭಾನುವಾರ ಅವರದೆಂದು ಗೊತ್ತುಮಾಡಿದೆವು. ಏಜೆನ್ಸಿ ಬದಲಿ ಜನ ಕಳಿಸಲಿಲ್ಲ. ಹಾಗಾಗಿ ಆ ದಿನ ತಾಯಿಯ ಮಗ್ಗುಲು ಬದಲಿಸುವುದನ್ನೂ ಮೈ ಒರೆಸುವುದನ್ನೂ ನಾನೂ ನನ್ನ ಹೆಂಡತಿಯೂ ಅವರಿಂದಲೇ ಕಲಿತೆವು. ಮೊದಲ ಭಾನುವಾರದ ಸಂಜೆ ನನ್ನ ಸೊಂಟ ನೋಯುತ್ತಿತ್ತು. ಇದನ್ನು ಅವರು ವಾರದ ಆರು ದಿನವೂ ಮಾಡುತ್ತಾರೆಂಬುದು ಆಗ ಮೈಗೆ ತಿಳಿಯಿತು. ಅವರು ಒಂದೂವರೆ ವರ್ಷ, ತಾಯಿಯ ಕೊನೆಯ ದಿನದವರೆಗೆ, ನಮ್ಮೊಡನಿದ್ದರು. ಹಾಸಿಗೆ ಹುಣ್ಣು ಮತ್ತೆ ಆಗಲಿಲ್ಲ.