ತಿಂಗಳ ಬಾವು: ಭಯ ಬೇಡ, ತಿಳಿವಳಿಕೆ ಬೇಕು



ಇಂದು ನಾನು ನಿಮ್ಮ ಮುಂದಿಡಬಯಸುವ ವಿಷಯವನ್ನು ಮನೆಗಳಲ್ಲಿ ಸಾಮಾನ್ಯವಾಗಿ ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಮುಟ್ಟಿಗೆ ಕೆಲವು ದಿನ ಮುಂಚೆ ಅನೇಕ ಸ್ತ್ರೀಯರಿಗೆ ಹೊಟ್ಟೆ ಉಬ್ಬರಿಸುತ್ತದೆ. ಸಲೀಸಾಗಿ ಆಡುತ್ತಿದ್ದ ಬಳೆ ಮುಂಗೈಗೆ ಬಿಗಿಯುತ್ತದೆ, ಕಾಲುಂಗುರ ಒತ್ತುತ್ತದೆ, ಸ್ತನಗಳು ಭಾರವಾಗಿ ನೋಯುತ್ತವೆ. ತೂಕ ನೋಡಿದರೆ ಒಂದು ಕಿಲೋ ಹೆಚ್ಚಾಗಿರುತ್ತದೆ. ಮುಟ್ಟು ಕಾಣಿಸಿಕೊಂಡು ಕೆಲವು ದಿನ ಕಳೆಯುವಷ್ಟರಲ್ಲಿ ಇವೆಲ್ಲವೂ ತಾವಾಗಿಯೇ ಇಳಿಯುತ್ತವೆ.

ಇದು ರೋಗವಲ್ಲ. ಆದರೆ ಇದನ್ನು ತಪ್ಪಾಗಿ ತಿಳಿಯುವುದರಿಂದ ಆಗುವ ಹಾನಿ ಸಣ್ಣದಲ್ಲ. "ಮಾತ್ರೆಯಿಂದ ಮೈ ಬಂತು" ಎಂದು ಒಬ್ಬ ಗೃಹಿಣಿ ನುಂಗುವ ಮಾತ್ರೆಯನ್ನು ನಡುವೆಯೇ ನಿಲ್ಲಿಸುತ್ತಾಳೆ. ಬಯಸದ ಗರ್ಭ ನಿಲ್ಲುತ್ತದೆ. "ದಪ್ಪಗಾಗುತ್ತಿದ್ದೇನೆ" ಎಂದು ಇನ್ನೊಬ್ಬಳು ಊಟ ಬಿಡುತ್ತಾಳೆ. ಮೊದಲೇ ಕಡಿಮೆಯಿದ್ದ ರಕ್ತ ಮತ್ತಷ್ಟು ಕಡಿಮೆಯಾಗುತ್ತದೆ. "ಎಂದಿನ ವಾಯುವೇ" ಎಂದು ಮತ್ತೊಬ್ಬಳು ನಿಜವಾದ ರೋಗದ ಬಾವನ್ನು ಅಲಕ್ಷಿಸುತ್ತಾಳೆ, ಚಿಕಿತ್ಸೆಗೆ ತಡವಾಗುತ್ತದೆ. ಈ ಮೂರು ತಪ್ಪುಗಳಿಂದಲೂ ಪಾರಾಗುವ ದಾರಿ ಸುಲಭವಾಗಿದೆ.

ತೂಕ ಏಕೆ ಹೆಚ್ಚುತ್ತದೆ?

ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟು ಆರಂಭವಾಗುವವರೆಗಿನ ಅವಧಿಗೆ ಋತುಚಕ್ರವೆಂದು ಹೆಸರು. ವಯಸ್ಕ ಸ್ತ್ರೀಯರಲ್ಲಿ ಇದು ಸಾಮಾನ್ಯವಾಗಿ 21ರಿಂದ 35 ದಿನಗಳು. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಅಂಡಾಶಯದಿಂದ ಒಂದು ಅಂಡವು ಹೊರಬರುತ್ತದೆ. ಆ ಬಳಿಕ ಅಂಡಾಶಯವು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿರೋನ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಸೇರಿಸುತ್ತದೆ. ಗರ್ಭ ನಿಂತರೆ ಅದಕ್ಕೆ ನೆಲೆ ಸಿದ್ಧವಿರಲೆಂದು ಇವು ಗರ್ಭಕೋಶದ ಒಳಪದರವನ್ನು ಅಣಿಗೊಳಿಸುತ್ತವೆ. ಇವುಗಳ ಏರಿಳಿತದಿಂದಲೇ ಶರೀರವು ಉಪ್ಪು ಮತ್ತು ನೀರನ್ನು ಎಂದಿಗಿಂತ ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ಪ್ರೊಜೆಸ್ಟಿರೋನ್ ಕರುಳಿನ ಚಲನೆಯನ್ನೂ ನಿಧಾನಗೊಳಿಸುವುದರಿಂದ ಮಲಬದ್ಧತೆ, ಹೊಟ್ಟೆಯುಬ್ಬರ ಉಂಟಾಗುತ್ತವೆ. ಗರ್ಭ ನಿಲ್ಲದಿದ್ದರೆ ಹಾರ್ಮೋನುಗಳು ಇಳಿಯುತ್ತವೆ, ಮುಟ್ಟು ಬರುತ್ತದೆ, ನಿಂತಿದ್ದ ನೀರು ಮೂತ್ರದ ಮೂಲಕ ಹೊರಹೋಗುತ್ತದೆ.

ಹೀಗೆ ಹೆಚ್ಚುವ ತೂಕ ಸಾಮಾನ್ಯವಾಗಿ ಅರ್ಧ ಕಿಲೋದಿಂದ ಎರಡು ಕಿಲೋವರೆಗೆ ಇರಬಹುದು. ಇದು ಕೊಬ್ಬಲ್ಲ, ನೀರು. ಒಂದು ಲೀಟರು ನೀರಿನ ತೂಕ ಒಂದು ಕಿಲೋ ಎಂಬುದು ನಿಮಗೆ ತಿಳಿದೇ ಇದೆ. ಒಂದು ಕಿಲೋ ಕೊಬ್ಬು ಮೈಗೂಡಬೇಕಾದರೆ ದೇಹಕ್ಕೆ ಬೇಕಾದುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಾಗಿ ಉಣ್ಣಬೇಕು. ಅಂದರೆ ನಿತ್ಯದ ಊಟದ ಮೇಲೆ ಇನ್ನೂ ಮೂರು ನಾಲ್ಕು ದಿನಗಳ ಊಟ! ಎರಡು ದಿನದಲ್ಲಿ ಏರಿ, ಐದು ದಿನದಲ್ಲಿ ಇಳಿಯುವ ತೂಕವು ಕೊಬ್ಬಾಗಿರಲು ಸಾಧ್ಯವೇ? ನೀವೇ ಯೋಚಿಸಿ.

ಗುರುತು ಹಾಕಿ ನೋಡಿರಿ

ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟು ಆರಂಭವಾದ ದಿನಕ್ಕೆ ಒಂದು ಸೊನ್ನೆ ಹಾಕಿರಿ. ಹೊಟ್ಟೆ ಉಬ್ಬರಿಸಿದ, ಬಳೆ ಬಿಗಿಯಾದ ದಿನಗಳಿಗೆ ಒಂದೊಂದು ಗೀಟು ಎಳೆಯಿರಿ. ಎರಡು ಮೂರು ತಿಂಗಳು ಹೀಗೆ ಮಾಡಿದರೆ ಉತ್ತರ ಕಣ್ಣೆದುರೇ ಇರುತ್ತದೆ. ಗೀಟುಗಳು ಸೊನ್ನೆಗೆ ಮುಂಚಿನ ದಿನಗಳಲ್ಲಿ ಗುಂಪಾಗಿದ್ದು, ಆಮೇಲೆ ಇಲ್ಲವಾದರೆ ಅದು ತಿಂಗಳ ಬಾವು. ಗೀಟುಗಳು ತಿಂಗಳಿಡೀ ಹರಡಿದ್ದರೆ ಕಾರಣ ಬೇರೆ, ವೈದ್ಯರಿಗೆ ತೋರಿಸಬೇಕು.

ತೂಕ ನೋಡುವವರು ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಹೊಟ್ಟೆಗೆ ಏನೂ ತೆಗೆದುಕೊಳ್ಳುವ ಮುನ್ನ, ಮಲಮೂತ್ರ ವಿಸರ್ಜನೆಯ ಬಳಿಕ ನೋಡುವುದು ಒಳ್ಳೆಯದು. ಮುಟ್ಟು ನಿಂತ ಎರಡು ಮೂರು ದಿನಗಳ ಮೇಲೆ ನೋಡಿದ ತೂಕವನ್ನು ಮುಂದಿನ ತಿಂಗಳ ಅದೇ ಹೊತ್ತಿನ ತೂಕದೊಡನೆ ಹೋಲಿಸಬೇಕು. ಹಾಗಲ್ಲದೆ ಒಂದು ಸಲ ಮುಟ್ಟಿನ ಮುಂಚೆ, ಇನ್ನೊಂದು ಸಲ ಮುಟ್ಟಿನ ನಂತರ ನೋಡಿ ಹೋಲಿಸಿದರೆ ಮೋಸಹೋಗುತ್ತೀರಿ.

ಮಾತ್ರೆ, ವಂಕಿ, ಶಸ್ತ್ರಚಿಕಿತ್ಸೆ ಇವು ಕಾರಣವೇ?

ಸ್ತ್ರೀಯರ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಯಲ್ಲಿ ಅಂಡನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಅಂಡಾಶಯವು ಮೊದಲಿನಂತೆಯೇ ಕೆಲಸ ಮಾಡುತ್ತದೆ. ಆದ್ದರಿಂದ ಮುಟ್ಟೂ ಬರುತ್ತದೆ, ಅದರೊಡನೆ ಬಾವೂ ಬರಬಹುದು; ಶಸ್ತ್ರಚಿಕಿತ್ಸೆಯನ್ನು ದೂಷಿಸಲು ಕಾರಣವಿಲ್ಲ. ಕಾಪರ್-ಟಿ ವಂಕಿಯಲ್ಲಿ ಹಾರ್ಮೋನು ಇಲ್ಲ. ಮೊದಲ ಕೆಲವು ತಿಂಗಳು ಸ್ರಾವ ಹಾಗೂ ನೋವು ಹೆಚ್ಚಾಗಬಹುದೇ ಹೊರತು ಅದರಿಂದ ಮೈ ಬರುವುದಿಲ್ಲ.

ಮಾಲಾ-ಎನ್ ಪೊಟ್ಟಣದಲ್ಲಿ 21 ಹಾರ್ಮೋನು ಮಾತ್ರೆಗಳೂ 7 ಕಬ್ಬಿಣಾಂಶದ ಮಾತ್ರೆಗಳೂ ಇರುತ್ತವೆ. ಆರಂಭದ ಎರಡು ಮೂರು ತಿಂಗಳು ಕೆಲವರಿಗೆ ವಾಕರಿಕೆ, ಸ್ವಲ್ಪ ಬಾವು ಕಾಣಿಸಬಹುದು. ಶರೀರಕ್ಕೆ ರೂಢಿಯಾದಂತೆ ಇವು ಸಾಮಾನ್ಯವಾಗಿ ಕಡಿಮೆಯಾಗುತ್ತವೆ. ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದಿನಿಂದ ಮಾತ್ರ ಕೆಲವರಲ್ಲಿ ನಿಜವಾಗಿಯೂ ತೂಕ ಏರುವುದುಂಟು. ಹಾಗಾದರೆ ಮುಚ್ಚಿಡದೆ ಹೇಳಿರಿ, ಬೇರೆ ವಿಧಾನಗಳಿವೆ. ಯಾವ ವಿಧಾನವನ್ನೇ ಆಗಲಿ ನೆರೆಹೊರೆಯವರ ಮಾತು ಕೇಳಿ ನಡುವೆ ಬಿಡಬಾರದು. ಬಿಡಲೇಬೇಕೆನಿಸಿದರೆ ಮೊದಲು ಆಶಾ ಕಾರ್ಯಕರ್ತೆಯೊಡನೆ ಮಾತನಾಡಿ, ಬೇರೆ ವಿಧಾನ ದೊರೆಯುವವರೆಗೆ ಪತಿಯು ನಿರೋಧ್ ಬಳಸಬೇಕು.

ಊಟ ಬಿಡಬೇಡಿರಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಸ್ತ್ರೀಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿತ್ತು. ಹೀಗಿರುವಾಗ ನೀರಿನ ತೂಕಕ್ಕೆ ಹೆದರಿ ಉಪವಾಸ ಮಾಡುವುದು ಸರಿಯೇ? ಮುದ್ದೆ, ರೊಟ್ಟಿ, ಬೇಳೆ, ಕಾಳು, ಸೊಪ್ಪು ಎಂದಿನಂತೆ ಇರಲಿ. ಹೊಟ್ಟೆಯುಬ್ಬರವಿದ್ದರೆ ಒಮ್ಮೆಲೇ ಹೆಚ್ಚು ಉಣ್ಣದೆ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣ್ಣಬಹುದು.

ಕಡಿಮೆ ಮಾಡಬೇಕಾದದ್ದು ಉಪ್ಪು. ದಿನಕ್ಕೆ ಒಬ್ಬರಿಗೆ ಎಲ್ಲ ಬಗೆಯಿಂದಲೂ ಸೇರಿ 5 ಗ್ರಾಮಿಗಿಂತ, ಅಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆ ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಒಣಮೀನು ಇವನ್ನು ಆ ಒಂದು ವಾರವಾದರೂ ದೂರವಿಡಿರಿ. ನೀರು ಕುಡಿಯುವುದನ್ನು ಕಡಿಮೆ ಮಾಡಬಾರದು. ಮಾಡಿದರೆ ಮಲಬದ್ಧತೆ ಹೆಚ್ಚಿ ಉಬ್ಬರವೂ ಹೆಚ್ಚುತ್ತದೆ. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗಬಹುದು, ಗಟ್ಟಿಯಾಗಬಹುದು. ಅದಕ್ಕಾಗಿ ಮಾತ್ರೆ ಬಿಡದೆ ಸೊಪ್ಪು, ಹಣ್ಣು, ನೀರು ಹೆಚ್ಚಿಸಿರಿ. ನೀರು ಇಳಿಸುವ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗುವುದು ಅಪಾಯಕರ.

ಯಾವಾಗ ವೈದ್ಯರಲ್ಲಿಗೆ ಹೋಗಬೇಕು?

1. ಮುಟ್ಟು ತಪ್ಪಿದ್ದರೆ. ಆಶಾ ಕಾರ್ಯಕರ್ತೆಯ ಬಳಿ ದೊರೆಯುವ ನಿಶ್ಚಯ್ ಪರೀಕ್ಷಾ ಸಾಧನದಿಂದ ಮೂತ್ರ ಪರೀಕ್ಷಿಸಿದರೆ ಗರ್ಭವಿದೆಯೋ ಇಲ್ಲವೋ ತಿಳಿಯುತ್ತದೆ.

2. ಗರ್ಭಿಣಿಗೆ ಮುಖ, ಕೈ ಊದಿಕೊಂಡು, ತಲೆನೋವು ಅಥವಾ ಕಣ್ಣು ಮಂಜಾಗುವುದು ಕಂಡುಬಂದರೆ. ಇದು ರಕ್ತದೊತ್ತಡ ಏರಿದ ಸೂಚನೆಯಾಗಿರಬಹುದು. ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ.

3. ಮುಟ್ಟು ಕಳೆದರೂ ಬಾವು ಇಳಿಯದಿದ್ದರೆ, ಮೂತ್ರ ಕಡಿಮೆಯಾದರೆ, ಅಥವಾ ಮುಖ ಬಿಳಿಚಿಕೊಂಡು ನಡೆದರೆ ಏದುಸಿರು ಬರುವಂತಾದರೆ.

4. ಹೊಟ್ಟೆ ದಿನೇ ದಿನೇ ದೊಡ್ಡದಾಗುತ್ತ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತಿದ್ದರೆ. ಅಂಡಾಶಯದ ಗೆಡ್ಡೆ ಹೀಗೆ ತೋರಿಕೊಳ್ಳಬಹುದು. ನಲವತ್ತು ದಾಟಿದವರು ಇದನ್ನು ಎಂದಿಗೂ ಅಲಕ್ಷಿಸಬಾರದು.

5. ನುಂಗುವ ಮಾತ್ರೆ ಬಳಸುವವರಿಗೆ ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ, ಎದೆನೋವು ಬಂದರೆ. ಆಗ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬರಬೇಕು.

ಪತಿಯ ಪಾಲು

ಸೋದರರೇ, ಈ ಮಾತುಗಳು ನಿಮಗೂ ಸೇರಿದವು. ಆ ದಿನಗಳಲ್ಲಿ ಹೆಂಡತಿಗೆ ಮೈಭಾರದೊಡನೆ ಬೇಸರ, ಸಿಡುಕು ಕೂಡ ಬರಬಹುದು; ಅದು ಹಟವಲ್ಲ. ನೀರು ತರುವ, ಸೌದೆ ಹೊರುವ ಕೆಲಸಕ್ಕೆ ನೀವು ಕೈಕೊಟ್ಟರೆ ನಿಮ್ಮ ಘನತೆ ಕುಂದುವುದಿಲ್ಲ. "ದಪ್ಪಗಾದೆ" ಎಂದು ಹಾಸ್ಯ ಮಾಡುವ ಬದಲು ಗೋಡೆಯ ಕ್ಯಾಲೆಂಡರನ್ನು ಇಬ್ಬರೂ ಸೇರಿ ನೋಡಿರಿ. ಆಸ್ಪತ್ರೆಗೆ ಬರುವಾಗ ಜೊತೆಯಲ್ಲಿ ಬನ್ನಿರಿ. ಆ ಕ್ಯಾಲೆಂಡರನ್ನೂ ತನ್ನಿರಿ. ಹತ್ತು ಪ್ರಶ್ನೆಗಳಿಂದ ತಿಳಿಯದುದು ವೈದ್ಯರಿಗೆ ಅದರಿಂದ ತಿಳಿಯುತ್ತದೆ.

ತಿಂಗಳಿಗೊಮ್ಮೆ ಬಂದು ಹೋಗುವ ಬಾವಿಗೆ ಹೆದರಬೇಡಿರಿ. ಬಂದು ನೆಲೆನಿಲ್ಲುವ ಬಾವನ್ನು ಉಪೇಕ್ಷಿಸಬೇಡಿರಿ. ಈ ಎರಡರ ಅಂತರವನ್ನು ತಿಳಿದ ದಂಪತಿಗಳು ತಮ್ಮ ಸಂಸಾರದ ಆರೋಗ್ಯವನ್ನು ತಾವೇ ಕಾಯಬಲ್ಲರು.